ಮೂರನೇ ಕ್ಲಿಕ್

"ಮೂರನೇ ಸಲ! ತಲೇನ ಮನೇಲಿಟ್ಟು ಬರ್ತೀರಾ ಹೇಗೆ?"

ಸರ್ವರ್ ಕೋಣೆಯ ಬಾಗಿಲಲ್ಲೇ ಅವಳು ಅವನನ್ನು ತಡೆದಳು. ಕಚೇರಿಯ ನೆಟ್‌ವರ್ಕ್ ಭದ್ರತೆ ಅವಳ ಕೆಲಸ. ಕಳ್ಳರು ಕಳಿಸುವಂಥ ನಕಲಿ ಮೇಲ್‌ಗಳನ್ನು ತಾನೇ ಕಳಿಸಿ, ಯಾರು ಲಿಂಕ್ ಒತ್ತಿ ಹಳ್ಳಕ್ಕೆ ಬೀಳುತ್ತಾರೆಂದು ಪರೀಕ್ಷಿಸುತ್ತಿದ್ದಳು. ಬಿದ್ದವರು ಅವಳಿಗೆ ಕಾಲಕಸ. ಕಚೇರಿಯವರು ಇಟ್ಟ ಅಡ್ಡಹೆಸರು 'ಫೈರ್‌ವಾಲ್', ಅಂದರೆ ಯಾರನ್ನೂ ಹತ್ತಿರ ಬಿಡದ ಬೆಂಕಿಗೋಡೆ. ಅದನ್ನು ಹೊಗಳಿಕೆಯೆಂದೇ ತಿಳಿದಿದ್ದಳು, ಪಾಪ!

ಅವನು ಕೇಬಲ್ ಕೆಲಸದವನು. ತಲೆ ತಗ್ಗಿಸಿ ನಿಂತ.

"ಮೂರು ಸಲ ಬಿದ್ದವರಿಗೆ ಈ ಕೋಣೆ ಕೀಲಿ ಇಲ್ಲ. ಸಂಜೆ ಪಟ್ಟಿ ಬಾಸ್‌ಗೆ ಹೋಗುತ್ತೆ. ಬೇರೆ ಕೆಲಸ ಹುಡುಕ್ಕೊಳ್ಳಿ."

"ಆಯ್ತು ಮೇಡಂ."

ಆಯ್ತಂತೆ! ವಾದಿಸುವ ತಾಕತ್ತೂ ಇಲ್ಲ... ಒಂದೊಂದು ಕೇಬಲ್‌ಗೂ ಚೀಟಿ ಅಂಟಿಸಿ ಕಟ್ಟುವ ಈ ಮನುಷ್ಯನ ಮೇಲೆ ಅವಳಿಗೆ ಒಳಗೊಳಗೇ ಮೆಚ್ಚುಗೆಯಿತ್ತು. ಅದಕ್ಕೇ ಸಿಟ್ಟು ಇಮ್ಮಡಿಯಾಗಿತ್ತು.

ಸೀಟಿಗೆ ಬಂದು ಅವನ ದಾಖಲೆ ತೆಗೆದಳು. ಉಚಿತ ಫೋನ್, ಬಡ್ತಿ ಪತ್ರ, ತುರ್ತು ಆದೇಶ... ಒಂದಕ್ಕೂ ಅವನು ಬಿದ್ದಿರಲಿಲ್ಲ! ಎಲ್ಲವನ್ನೂ ಎರಡೇ ನಿಮಿಷದಲ್ಲಿ 'ನಕಲಿ' ಎಂದು ವರದಿ ಮಾಡಿದ್ದ. ಬಿದ್ದದ್ದು ಮೂರೇ ಮೇಲ್‌ಗೆ. ಮೂರರಲ್ಲೂ ಕಳಿಸಿದವರ ಜಾಗದಲ್ಲಿ ಅವಳದೇ ಹೆಸರು.

'ನಾಲ್ಕಕ್ಕೆ ಕ್ಯಾಂಟೀನ್‌ಗೆ ಬರ್ತೀರಾ? ಬರೋದಾದ್ರೆ ಇಲ್ಲಿ ಒತ್ತಿ.'

ತನ್ನ ಹೆಸರು ನೋಡಿ ಯಾವ ನರಪಿಳ್ಳೆಯೂ ಒತ್ತುವುದಿಲ್ಲ ಎಂದುಕೊಂಡೇ ಬರೆದಿದ್ದಳು. ಬೇರೆ ಯಾರೂ ಒತ್ತಿರಲೂ ಇಲ್ಲ.

ಸರ್ವರ್ ಕೋಣೆಗೆ ಓಡಿದಳು. ಅವನು ಗೊಂಚಲಿನಿಂದ ಕೀಲಿ ಬಿಡಿಸುತ್ತಿದ್ದ.

"ಮೇಲ್ ವಿಳಾಸದಲ್ಲಿ ಒಂದಕ್ಷರ ಹೆಚ್ಚಿತ್ತು. ನೋಡ್ಲಿಲ್ವಾ?"

"ನೋಡ್ದೆ."

"ಮತ್ತೆ?"

"ಅಕಸ್ಮಾತ್ ನಿಜ ಆಗಿದ್ರೆ... ಅಂತ."

"ಒತ್ತಿದ ತಕ್ಷಣ ನಕಲಿ ಅಂತ ಬಂತಲ್ಲ!"

"ಬಂತು. ಆದ್ರೂ ನಾಲ್ಕಕ್ಕೆ ಹೋಗಿ ಕೂತಿದ್ದೆ. ಮೂರು ಸಲಾನೂ, ನಿನ್ನೆ ಕೂಡ."

"ಥೂ! ಎಂಥ ದಡ್ಡರು ನೀವು!" ಬೈದಳು, ಆದರೆ ಕಣ್ಣು ತುಂಬಿತ್ತು. ನಿಜವಾದ ದಡ್ಡಿ ಯಾರೆಂದು ಕೊನೆಗೂ ಅವಳಿಗೆ ಗೊತ್ತಾಗಿತ್ತು.

"ಕೀಲಿ ಇಟ್ಕೊಳ್ಳಿ. ಕಚೇರಿಯವರ ಹೆಸರಲ್ಲಿ ನಕಲಿ ಮೇಲ್ ಕಳಿಸ್ಬಾರ್ದು ಅಂತ ನಿಯಮ ಇದೆ. ಬರೆದವಳೂ ನಾನೇ, ಮುರಿದವಳೂ ನಾನೇ. ಪಟ್ಟಿಯಲ್ಲಿ ನನ್ನ ಹೆಸರು ಹೋಗುತ್ತೆ."

ಬಾಗಿಲ ಮೇಲೆ ಅವಳೇ ಅಂಟಿಸಿದ್ದ ಸೂಚನೆಯಿತ್ತು: 'ಸಂದೇಹವಿದ್ದರೆ ಕಳಿಸಿದವರನ್ನೇ ಮುಖತಃ ಕೇಳಿ.'

"ಇದನ್ನಾದ್ರೂ ಓದ್ಬಾರ್ದಿತ್ತಾ?"

"ದಿನಾ ಓದ್ತೀನಿ. ಕೇಳೋಕೆ ಧೈರ್ಯ ಇರ್ಲಿಲ್ಲ."

"ಈಗ ಕೇಳಿ..."

ಅವನು ಮೊದಲ ಸಲ ತಲೆಯೆತ್ತಿ ಅವಳನ್ನು ನೋಡಿದ.

"ನಾಲ್ಕಕ್ಕೆ ಕ್ಯಾಂಟೀನ್‌ಗೆ ಬನ್ನಿ ಅಂದಿದ್ದು... ನೀವೇನಾ?"

"ಹೂಂ, ನಾನೇ. ನಾಲ್ಕೂ ಹತ್ತಾಯ್ತು, ನಡೀರಿ!"