ಕೆಂಪಿನಲ್ಲಿ ತೆರೆದ ಬಾಗಿಲು

ಇವಳ ಬೆರಳು ಕೆಂಪು ಗುಂಡಿಯ ಮೇಲಿಂದ ಇನ್ನೂ ಎದ್ದಿರಲಿಲ್ಲ, ಎದುರಿನ ಮಾನಿಟರ್ ತೆರೆಯ ಮೇಲೆ ಎರಡನೇ ಮಹಡಿಯ ಒಂದು ಬಾಗಿಲು ಹಸಿರಾಯಿತು.

ಹಾಗಾಗಬಾರದಿತ್ತು. ಇಡೀ ಕಟ್ಟಡ ಕೆಂಪಾಗಿತ್ತು. ಲಸಿಕೆ ಇಡುವ ಶೀತಲ ಕೋಣೆಗಳು, ಪ್ಯಾಕಿಂಗ್ ಹಾಲ್, ಅಕೌಂಟ್ಸ್, ಎಲ್ಲಕ್ಕೂ ಬೀಗ ಬಿದ್ದಿತ್ತು. ರಿಸೆಪ್ಷನ್ನಿನ ಗಾಜು ಒಡೆದು, ಕಬ್ಬಿಣದ ರಾಡ್ ಹಿಡಿದವನೊಬ್ಬ ಒಳನುಗ್ಗಿದ್ದ. ಗುಂಡಿ ಒತ್ತುವಷ್ಟರಲ್ಲಿ ಅವನು ಮೆಟ್ಟಿಲ ಬಾಗಿಲು ದಾಟಿ ಮೇಲೇರತೊಡಗಿದ್ದ.

ಈ ಕಟ್ಟಡದಲ್ಲಿ ಪ್ರತಿ ಕಾರ್ಡಿಗೂ ಒಂದು ಮಟ್ಟ, ಕಟ್ಟಡಕ್ಕೂ ಒಂದು ಮಟ್ಟ. ಮಾಮೂಲು ದಿನಗಳಲ್ಲಿ ಕಟ್ಟಡ ಒಂದರಲ್ಲಿರುತ್ತದೆ, ಯಾರ ಕಾರ್ಡಾದರೂ ನಡೆಯುತ್ತದೆ. ಅಪಾಯ ಬಂದರೆ ಕಂಟ್ರೋಲ್ ರೂಮಿನಲ್ಲಿ ಕೂತ ಇವಳು ಕೆಂಪು ಗುಂಡಿ ಒತ್ತಿ ಅದನ್ನು ಐದಕ್ಕೆ ಏರಿಸುತ್ತಾಳೆ. ಆಮೇಲೆ ಐದರ ಕಾರ್ಡಿಗೆ ಬಿಟ್ಟು ಬೇರಾವುದಕ್ಕೂ ಬಾಗಿಲು ಜಗ್ಗುವುದಿಲ್ಲ. ಒಳಗಿದ್ದವರು ಒಳಗೇ ಕ್ಷೇಮ. ಐದರ ಕಾರ್ಡು ಇದ್ದದ್ದು ಸೆಕ್ಯೂರಿಟಿ ಆಫೀಸರರಿಗೆ ಮತ್ತು ಇವಳಿಗೆ. ಇನ್ನೊಬ್ಬನ ಕಾರ್ಡೂ ಐದರದೇ; ಅದು ಕಟ್ಟಡದಲ್ಲಿ ಇವಳಿಗೊಬ್ಬಳಿಗೇ ಗೊತ್ತಿತ್ತು.

ಆ ಇನ್ನೊಬ್ಬ ಈಗ ಶೀತಲ ಕೋಣೆಯಿಂದ ಕಾರಿಡಾರಿಗೆ ಕಾಲಿಡುತ್ತಿದ್ದ.

ಕೂಲಿಂಗ್ ಮೆಕ್ಯಾನಿಕ್ ಅವನು. ಮೊಣಕಾಲಿನ ತನಕ ಬರುವ ದಪ್ಪ ಜಾಕೆಟ್ಟಿನಿಂದಾಗಿ ಎಲ್ಲರ ಬಾಯಲ್ಲೂ ಕರಡಿ. ಹಿಂದೊಮ್ಮೆ ಅಣಕು ಕಾರ್ಯಾಚರಣೆ ಮುಗಿದ ಮೇಲೂ ಮಟ್ಟ ಇಳಿಸುವುದನ್ನು ಯಾರೋ ಮರೆತು, ಅವನು ಅದೇ ಕೋಣೆಯಲ್ಲಿ ಸಿಕ್ಕಿಹಾಕಿಕೊಂಡಿದ್ದ. ಹೊರಬಂದವನು ಜಗಳಕ್ಕೆ ಬರುತ್ತಾನೆಂದು ಇವಳು ಮೈ ಹಿಡಿಮಾಡಿಕೊಂಡು ಕೂತಿದ್ದಳು. ಅವನು ನೀಲಿಗಟ್ಟಿದ ತುಟಿಯಲ್ಲೇ ನಕ್ಕಿದ್ದ.

“ಬಾಗಿಲಮ್ಮಾ, ಫ್ರಿಜ್ಜಲ್ಲಿಟ್ಟ ಕೊತ್ತಂಬರಿ ಸೊಪ್ಪು ನೋಡಿದೀರಾ? ಹಾಗೇ ಫ್ರೆಶ್ ಆಗಿದೀನಿ.”

ಇವಳಿಗೆ ನಗು ಬಂದಿತ್ತು. ಆದರೆ ಕೊಟ್ಟ ಚಹಾ ಅವನ ಕೈಯಲ್ಲಿ ನಿಲ್ಲದೆ ಲೋಟದಿಂದ ತುಳುಕಿ ಚೆಲ್ಲುತ್ತಿದ್ದುದನ್ನು ಕಂಡು ನಗು ನಿಂತುಹೋಗಿತ್ತು. ಅವನು ಹೋದ ಮೇಲೆ, ಯಾರನ್ನೂ ಕೇಳದೆ, ಅವನ ಕಾರ್ಡಿನ ಎರಡನ್ನು ಐದು ಮಾಡಿದ್ದಳು.

“ಸುಮ್ನೆ ಒಂದು ಸೆಟ್ಟಿಂಗ್ ಬದಲಾಯಿಸ್ದೆ ಕಣೇ ಅಕ್ಕಾ, ಅಷ್ಟೇ,” ಎಂದು ಫೋನಿನಲ್ಲಿ ಹೇಳಿದ್ದಳು.

“ಯಾರ್ದು, ಅವನದಾ ನಿಂದಾ?” ಅಕ್ಕ ಕೇಳಿದ್ದಳು.

ಅಂದಿನಿಂದ ಅವನು ಕೋಣೆಗೆ ಹೋಗುವ ಮುನ್ನ ಕ್ಯಾಮೆರಾದತ್ತ ತಲೆ ಎತ್ತಿ ಒಂದೇ ಹುಬ್ಬು ಹಾರಿಸುತ್ತಿದ್ದ. ಇವಳು ಮೈಕ್ ಒತ್ತಿ, “ಹೋಗಿ ಬನ್ನಿ, ಹೆಪ್ಪುಗಟ್ಟಬೇಡಿ,” ಎನ್ನುತ್ತಿದ್ದಳು. ಅಷ್ಟರಲ್ಲೇ ದಿನ ಕಳೆಯುತ್ತಿತ್ತು.

ಈಗಲೂ ಅವನು ಕಾರಿಡಾರಿನ ನಡುವೆ ನಿಂತು ತಲೆ ಎತ್ತಿದ. ಹುಬ್ಬು ಹಾರಿಸಿದ.

ಅವನೇಕೆ ಹೊರಬಂದನೆಂದು ಇವಳಿಗೆ ಆಗ ಹೊಳೆಯಿತು. ತರಬೇತಿಯಲ್ಲಿ ಎಲ್ಲರಿಗೂ ಇವಳೇ ಹೇಳಿಕೊಟ್ಟಿದ್ದಳು: “ಸೈರನ್ ಬಂದ್ರೆ ಕಾರ್ಡ್ ಹಾಕಿ ನೋಡಿ. ಕೆಂಪು ಅಂದ್ರೆ ಅಲ್ಲೇ ಇರಿ. ಹಸಿರು ಅಂದ್ರೆ ಏನೂ ಇಲ್ಲ ಅಂತ, ಆರಾಮಾಗಿ ಬನ್ನಿ.” ಮೊದಲ ಸಾಲಿನಲ್ಲಿ ಕೂತು ತಲೆಯಾಡಿಸಿದವನು ಇದೇ ಕರಡಿ. ಹೇಳಿದ್ದನ್ನು ಚಾಚೂ ತಪ್ಪದೆ ಮಾಡಿದ್ದ. ಕಾರ್ಡ್ ಹಾಕಿದ, ಹಸಿರು ಬಂತು, ಆರಾಮಾಗಿ ಬಂದ. ಕಟ್ಟಡದಲ್ಲಿದ್ದ ಅಷ್ಟೂ ಜನ ಬೀಗದ ಹಿಂದೆ ಕ್ಷೇಮವಾಗಿದ್ದರು. ಇವಳು ಕಾಪಾಡಲು ಹೋದವನೊಬ್ಬನೇ ಬಯಲಲ್ಲಿದ್ದ.

ಪಕ್ಕದ ಚೌಕದಲ್ಲಿ ರಾಡಿನವನು ಮೆಟ್ಟಿಲ ತುದಿ ತಲುಪಿದ. ಇಬ್ಬರ ನಡುವೆ ಒಂದೇ ತಿರುವು.

ಅವನ ಕಾರ್ಡನ್ನು ಎರಡಕ್ಕೆ ಇಳಿಸಿಬಿಡಲೇ? ಇಳಿಸಿದರೆ ಅವನಿಗೆ ವಾಪಸ್ಸು ಹೋಗಲು ಬಾಗಿಲೇ ತೆರೆಯದು. ಮಾಡಿದ ತಪ್ಪು ಈಗ ತಪ್ಪಾಗಿಯೇ ಉಳಿಯಬೇಕಿತ್ತು. ಅವನ ಫೋನಿಗೆ ಆ ಮಹಡಿಯಲ್ಲಿ ಸಿಗ್ನಲ್ ಇಲ್ಲ. ಮೈಕಿನಲ್ಲಿ ಹೇಳಿದರೆ ರಾಡಿನವನಿಗೂ ಕೇಳುತ್ತದೆ. ಕೋಣೆಯ ಹೆಸರು ಹೇಳಿದರೆ ನೇರ ಅಲ್ಲಿಗೇ ಬರುತ್ತಾನೆ.

ಮೈಕ್ ಒತ್ತಿದಳು.

“ಕರಡಿ. ಗುಹೆಗೆ ಹೋಗು.”

ಇಷ್ಟು ದಿನ ನೀವು, ಬನ್ನಿ, ಹೋಗಿ. ಇಂದು ಹೋಗು. ಅವನ ಹುಬ್ಬು ಇಳಿಯಿತು. ಗುಹೆ ಅರ್ಥವಾಯಿತೋ, ಆ ಏಕವಚನ ಅರ್ಥವಾಯಿತೋ, ಸರ್ರನೆ ತಿರುಗಿದ. ಕಾರ್ಡು ಜಾಕೆಟ್ಟಿನ ಜೇಬಿಗೆ ಸಿಕ್ಕಿ ನೆಲಕ್ಕೆ ಬಿತ್ತು. ಬಗ್ಗಿದ. ದಪ್ಪ ಗ್ಲೌಸಿನ ಬೆರಳಿಗೆ ಅದು ಹತ್ತಲೊಲ್ಲದು. ಹಲ್ಲಿನಿಂದ ಗ್ಲೌಸ್ ಕಿತ್ತೆಸೆದ.

ಹಸಿರು.

ಬಾಗಿಲು ಮುಚ್ಚಿದ್ದಕ್ಕೂ ರಾಡಿನವನು ತಿರುವಿನಲ್ಲಿ ಕಾಣಿಸಿದ್ದಕ್ಕೂ ಸರಿಹೋಯಿತು. ಅವನು ನೆಲದ ಮೇಲಿನ ಗ್ಲೌಸ್ ನೋಡಿದ, ಬಾಗಿಲು ನೋಡಿದ, ರಾಡಿನಿಂದ ಬಡಿದ. ಮತ್ತೆ ಬಡಿದ. ಬಾಗಿಲು ಜಗ್ಗಲಿಲ್ಲ. ಪೊಲೀಸರು ಬಂದು ಅವನ ತೋಳು ಹಿಡಿಯುವವರೆಗೂ ಇವಳು ಆ ಚೌಕದಿಂದ ಕಣ್ಣು ಕೀಳಲಿಲ್ಲ.

ಮಟ್ಟವನ್ನು ಒಂದಕ್ಕೆ ಇಳಿಸಿದ ಮೇಲೆ ಕರಡಿ ನೇರ ಕಂಟ್ರೋಲ್ ರೂಮಿಗೆ ಬಂದ. ಒಂದು ಕೈಯಲ್ಲಿ ಮಾತ್ರ ಗ್ಲೌಸ್.

“ನನ್ನ ಕಾರ್ಡ್ ಯಾಕೆ ತೆಗೀತು?”

ಅವಳು ತೆರೆಯನ್ನು ಅವನತ್ತ ತಿರುಗಿಸಿದಳು. ಅವನೆದುರಿಗೇ ಐದನ್ನು ಎರಡು ಮಾಡಿದಳು.

“ಯಾವಾಗಿಂದ?”

“ಕೊತ್ತಂಬರಿ ಸೊಪ್ಪಿನ ದಿನದಿಂದ.”

ಅವನ ಕಿವಿ ಕೆಂಪಾಯಿತು. “ಅಂದ್ರೆ ಇಷ್ಟು ದಿನ ನಾನು ಆಫೀಸರ್ ಲೆವೆಲ್ಲು. ಮೊದಲೇ ಹೇಳಿದ್ರೆ ಸ್ವಲ್ಪ ಎದೆ ಉಬ್ಬಿಸ್ಕೊಂಡು ಓಡಾಡ್ತಿದ್ದೆ.”

“ನಗಿಸ್ಬೇಡ. ಸತ್ತೇ ಹೋಗ್ತಿದ್ದೆ ನೀನು.”

“ಸತ್ತಿಲ್ವಲ್ಲ.” ಅವನು ಕುರ್ಚಿ ಎಳೆದು ಕೂತು ದನಿ ತಗ್ಗಿಸಿದ. “ಕೇಳು. ಆಫೀಸರ್ ಬರ್ತಾರೆ. ಮೆಷಿನ್ ಕೈ ಕೊಡ್ತು ಅನ್ನು. ನಾನೂ ಅದನ್ನೇ ಹೇಳ್ತೀನಿ. ಗೊತ್ತಾದ್ರೆ ನಿನ್ನ ಕೆಲಸ ಉಳಿಯಲ್ಲ.”

“ಮೆಷಿನ್ ಮೇಲೆ ಹಾಕಿದ್ರೆ, ನಿನಗೋಸ್ಕರ ನಾನು ಮಾಡಿದ್ದೂ ಮೆಷಿನ್ದೇ ಆಗಿಬಿಡುತ್ತೆ.”

ಅವನು ಗ್ಲೌಸಿಲ್ಲದ ಕೈಯನ್ನು ಮೇಜಿನ ಮೇಲೆ, ಅವಳ ಕೈ ಪಕ್ಕಕ್ಕೆ ಇಟ್ಟ. ತಣ್ಣಗಿತ್ತು. ಅವಳು ತನ್ನ ಕೈ ಸರಿಸಲಿಲ್ಲ.

ಆಫೀಸರ್ ಬೆವರು ಒರೆಸಿಕೊಳ್ಳುತ್ತ ಒಳಬಂದರು. ಮೇಜಿನ ಮೇಲಿನ ಎರಡು ಕೈಗಳನ್ನು ನೋಡಿಯೂ ನೋಡದವರಂತೆ ಕಿಟಕಿಯತ್ತ ತಿರುಗಿದರು.

“ಏನು ತಾಯಿ, ಎರಡನೇ ಮಟ್ಟದ ಕಾರ್ಡಿಗೆ ಕೆಂಪಲ್ಲಿ ಬಾಗಿಲು ತೆಗೆದಿದೆಯಂತೆ. ಈ ಮೆಷಿನ್ನೂ ಹಳೇದಾಯ್ತು ಬಿಡು. ಅದರದೇ ತಪ್ಪು ಅಂತ ಮೇಲಿನವರಿಗೆ ಹೇಳಿ ಮುಗಿಸಿಬಿಡ್ತೀನಿ. ಸರಿ ತಾನೆ?”

ಕರಡಿ ಅವಳತ್ತ ನೋಡಿದ. ಬೇಡಿಕೊಳ್ಳುವ ಕಣ್ಣು.

“ಬೇಡ ಸಾರ್,” ಎಂದಳು ಅವಳು. “ಮೆಷಿನ್ ಏನೂ ಮಾಡಿಲ್ಲ.”