ನೀಲಿ ಸ್ಪ್ರೂಸಿನ ತಂಪು

"ಬಾವಿ ಮಗ್ಗಲದ ಮೂಲ್ಯಾಗ ಏನೂ ನೆಡಬ್ಯಾಡ್ರಿ, ಸಾಹೇಬ್ರ. ಯಾರೋ ಮಾಟದ ಗಂಟು ಹುಗದಾರ. ಅಲ್ಲಿ ಬೆಳೆದದ್ದು ಮನಿಮಂದಿ ಕಾವು ಕುಡೀತೈತಿ," ಎಂದಳು ಬಾಡಿಗೆಮನೆಯ ಒಡತಿ, ಪಕ್ಕದ ಮನೆಯಲ್ಲೇ ಇದ್ದ ಮುದುಕಿ ಮೈಮುನಾಬಿ.

ಧಾರವಾಡದಿಂದ ಬ್ಯಾಡಗಿಯ ಬ್ಯಾಂಕಿಗೆ ವರ್ಗವಾಗಿ ಬಂದಿದ್ದ ಪ್ರಭುಲಿಂಗಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕ. "ಹಂಗಾರ ಚಲೋನ ಆತು. ನನ್ನ ಗಿಡಕ್ಕ ತಂಪ ಬೇಕಾಗೇತಿ."

ಶಿಮ್ಲಾದಿಂದ ರೈಲಿನಲ್ಲಿ ದಾರಿಯುದ್ದಕ್ಕೂ ತೊಡೆಯ ಮೇಲಿಟ್ಟುಕೊಂಡು ತಂದ ಚಳಿನಾಡಿನ ಮರ, ನೀಲಿ ಸ್ಪ್ರೂಸ್ ಅದು. ಮೊಣಕಾಲೆತ್ತರದ ಗಿಡ್ಡ ತಳಿ, ಸೂಜಿಯಂಥ ಎಲೆ. ಬೇಕಂತಲೇ ಅದೇ ಮೂಲೆಯಲ್ಲಿ ನೆಟ್ಟ. ಎಂಬತ್ತೊಂಬತ್ತರ ಆ ಬೇಸಿಗೆಯಲ್ಲಿ ಬೇವಿನ ಮರಗಳೇ ಬಾಡಿದವು. ಇದು ಮಾತ್ರ ನೀಲಿಯಾಗಿ ಚಿಗುರಿತು. ಬುಡದ ಮಣ್ಣು ಮುಟ್ಟಿದರೆ ಮಂಜುಗಡ್ಡೆ. ಅವನಿಗೆ ಹೆಮ್ಮೆಯೋ ಹೆಮ್ಮೆ.

ಒಳಗೆ ಹೆಂಡತಿ ಪ್ರೇಮವ್ವ ಮಂಕಾಗುತ್ತಿದ್ದಳು. ಮೊದಲು ಸಾರಿನ ರುಚಿ ಹೋಯಿತು. ಆಮೇಲೆ ನಗು ಹೋಯಿತು. ಆ ನಗು ನೋಡಲೆಂದೇ ಅವನು ಬ್ಯಾಂಕಿನಿಂದ ದಾಪುಗಾಲು ಹಾಕಿ ಬರುತ್ತಿದ್ದ. ಒಂದು ಸಂಜೆ, ಕರೆಂಟು ಹೋದ ಕತ್ತಲಲ್ಲಿ, ಸುಟ್ಟ ಚರ್ಮದ ವಾಸನೆ ಬಂತು. ಅಡುಗೆಮನೆಗೆ ಓಡಿದರೆ, ಅವಳು ಕಾದ ಹಂಚನ್ನು ಬರಿಗೈಯಲ್ಲಿ ಹಿಡಿದು ನಿಂತಿದ್ದಳು.

"ಬಿಡು, ಪ್ರೇಮಾ! ಕೈ ಸುಡಾಕತ್ತೇತಿ!"

"ಹೌದೇನ್ರಿ? ನನಗೇನೂ ಗೊತ್ತಾಗವಲ್ದು."

ಅವನು ಹಂಚನ್ನು ತಟ್ಟಿ ಬೀಳಿಸಿದ. ಕೂಗು ಕೇಳಿ ಮೈಮುನಾಬಿ ಬಂದಳು. ಪ್ರೇಮವ್ವನಿಗೆ ಹಿಡಿ ಮೆಣಸಿನಕಾಯಿ ನಿವಾಳಿಸಿ ಕೆಂಡಕ್ಕೆ ಹಾಕಿದಳು. ಅವು ಚಟಪಟ ಸುಟ್ಟು ಕರಕಲಾದವು. ಊರಿಗೆ ಊರೇ ಮೆಣಸಿನಕಾಯಿ ಘಾಟಿಗೆ ಸೀನುವ ಬ್ಯಾಡಗಿಯಲ್ಲಿ, ಆ ಅಡುಗೆಮನೆಯೊಳಗೆ ಒಬ್ಬರೂ ಕೆಮ್ಮಲಿಲ್ಲ. ಮುದುಕಿ ಅವನನ್ನು ಬಾಗಿಲ ಕಡೆಗೆ ದಬ್ಬಿದಳು.

"ಲಗೂ ಆ ಗಿಡಾ ಕೀಳ್ರಿ. ಇಲ್ಲಾಂದ್ರ ಬೆಳಗಾಗೂದ್ರಾಗ ಈಕಿ ಎದಿ ನಿಲ್ಲತೈತಿ. ಆದ್ರ ಕಿತ್ತವ್ರಿಗೆ ಆ ತಂಪ ಹತ್ತತೈತಿ..."

ಅವನು ಪೂರ್ತಿ ಕೇಳಲಿಲ್ಲ. ಓಡಿದ. ಕತ್ತಲು. ಕೊಳೆತ ಮಣ್ಣಿನ ವಾಸನೆ. ಗಿಡ ಹಿಡಿದ. ಸೂಜಿಗಳು ಚುಚ್ಚಿದವು. ಜಗ್ಗಿದ. ಬರಲಿಲ್ಲ. ಮತ್ತೆ ಜಗ್ಗಿದ. ಬೇರುಸಹಿತ ಬಂತು. ಬೇರಿನ ತುಂಬ ಕೂದಲು. ನಡುವೆ ಕರಿ ಬಟ್ಟೆಯ ಗಂಟು. ಬೆಚ್ಚಗಿತ್ತು. ಮಿಡಿಯುತ್ತಿತ್ತು. ಅವನ ಕೈಯಲ್ಲೇ ತಣ್ಣಗಾಯಿತು.

ಒಳಗಿನಿಂದ ಪ್ರೇಮವ್ವನ ಚೀರಾಟ ಕೇಳಿತು, ಹಿಂದೆಯೇ ಕೆಮ್ಮು. ಅವನು ಒಳಗೆ ಬಂದರೆ ಘಾಟು ಮನೆ ತುಂಬಿತ್ತು. ಮೈಮುನಾಬಿ ಕೆಮ್ಮುತ್ತ, ಕಣ್ಣೊರೆಸಿಕೊಳ್ಳುತ್ತ, "ಉಳಿದ್ಲ್ರಿ, ಸಾಹೇಬ್ರ!" ಎಂದಳು.

ಪ್ರೇಮವ್ವ ಬೊಬ್ಬೆಯೆದ್ದ ಅಂಗೈಗಳನ್ನು ಅವನ ಎದೆಗೆ ಆನಿಸಿ ಬಿಕ್ಕಿಬಿಕ್ಕಿ ಅತ್ತಳು. "ಉರಿ ತಡಕೊಳ್ಳಾಕ ಆಗವಲ್ದ್ರಿ..."

ಹೊಗೆಯ ನಡುವೆ ಪ್ರಭುಲಿಂಗಪ್ಪ ಕೆಮ್ಮದೆ ನಿಂತಿದ್ದ. ಇವಳನ್ನು ಉಳಿಸಲೆಂದು ಓಡಿದ್ದು ನೆನಪಿತ್ತು. ಯಾಕೆ ಉಳಿಸಬೇಕೆನಿಸಿತ್ತೋ, ಅದು ಮಾತ್ರ ನೆನಪಾಗಲಿಲ್ಲ.