ಅಳತೆ ಪುಸ್ತಕದ ಎರಡು ಇಂಚು

"ಸುಳ್ಳು ಬರೆದವರು ಯಾರು ಅಂತ ನನ್ನ ಮುಖ ನೋಡಿ ಹೇಳಿ," ಎಂದು ಟೈಲರಮ್ಮ ತನ್ನ ಅಳತೆ ಪುಸ್ತಕವನ್ನು ಮೇಷ್ಟ್ರ ಮೇಜಿನ ಮೇಲೆ ಎಸೆದಳು. ಎಸೆದ ರಭಸಕ್ಕೆ ಗುಂಡುಪಿನ್ನಿನ ಡಬ್ಬಿ ಉರುಳಿತು.

ಸ್ಟಾಫ್ ರೂಮಿನಲ್ಲಿ ಬೇರೆ ಯಾರೂ ಇರಲಿಲ್ಲ. ಮೇಷ್ಟ್ರು ಪಿನ್ನುಗಳನ್ನು ಒಂದೊಂದಾಗಿ ಆರಿಸಿ ಡಬ್ಬಿಗೆ ಹಾಕಿದರು. ಅವರಿಗೆ ಯಾವ ಅವಸರವೂ ಇದ್ದಂತಿರಲಿಲ್ಲ. ಅದನ್ನು ನೋಡಿಯೇ ಅವಳ ಮೈ ಉರಿಯಿತು.

"ನಮ್ಮ ಹುಡುಗಿ ಅರ್ಜಿ ಮೇಲೆ 'ನಕಲು' ಅಂತ ಬರೆದಿದ್ದೀರಲ್ಲ. ಅದನ್ನ ಹೊಡೆದು ಹಾಕಿ. ನಾನು ಹೋಗ್ತೀನಿ."

"ಹೊಡೆದು ಹಾಕೋಕೆ ಕಾರಣ ಬೇಕಲ್ಲಮ್ಮ."

"ಅಮ್ಮ ಗಿಮ್ಮ ಅನ್ಬೇಡಿ. ನಿಮಗಿಂತ ಚಿಕ್ಕೋಳು ನಾನು."

"ಸರಿ. ಕಾರಣ ಬೇಕಲ್ಲ, ಮೇಡಂ."

ಆ ಹೈಸ್ಕೂಲಿನಲ್ಲಿ ಈ ವರ್ಷ ಹೊಸದಾಗಿ ಒಂದು ರಿಸರ್ಚ್ ಕ್ಲಾಸ್ ಶುರುವಾಗಿತ್ತು. ಅಲ್ಲಿ ಪಾಠ ಒಪ್ಪಿಸುವುದಿಲ್ಲ. ಪ್ರಶ್ನೆ ಹುಡುಕಬೇಕು, ಪುರಾವೆ ಕೂಡಿಸಬೇಕು, ಯಾರು ಹೇಳಿದ್ದನ್ನೂ ತೂಗಿ ನೋಡದೆ ನಂಬಬಾರದು. ಸೀಟು ಹನ್ನೆರಡೇ. ಸೇರಬೇಕಾದರೆ ತಾವೇ ಒಂದು ಸಣ್ಣ ಸಂಶೋಧನೆ ಮಾಡಿ ತರಬೇಕು.

ಟೈಲರಮ್ಮನ ಅಕ್ಕನ ಮಗಳಿಗೆ ಬೀದಿಯವರು ಇಟ್ಟ ಹೆಸರು 'ಯಾಕಮ್ಮ'. ಮಾತು ಕಲಿತಾಗಿನಿಂದ ಅವಳ ಬಾಯಲ್ಲಿ 'ಯಾಕೆ' ಬಿಟ್ಟರೆ ಬೇರೆ ಮಾತಿಲ್ಲ. ಅವಳು ಅಂಗಡಿಯ ಅಳತೆ ಪುಸ್ತಕ ಹಿಡಿದು ಎರಡು ತಿಂಗಳು ಕೂತಿದ್ದಳು. ಪ್ರತಿ ವರ್ಷ ರಜೆಗೆ ಮುಂಚೆ ಒಮ್ಮೆ, ರಜೆ ಮುಗಿದ ಮೇಲೆ ಒಮ್ಮೆ ಯೂನಿಫಾರ್ಮಿಗೆ ಅಳತೆ ಕೊಟ್ಟ ಮಕ್ಕಳದೆಲ್ಲ ಅದರಲ್ಲಿತ್ತು. ಅವಳ ಪ್ರಶ್ನೆ ಇಷ್ಟೇ: ಮಕ್ಕಳು ಹೆಚ್ಚು ಬೆಳೆಯುವುದು ಶಾಲೆಯ ದಿನಗಳಲ್ಲೋ, ರಜೆಯಲ್ಲೋ?

ಅಕ್ಕ ತೀರಿಕೊಂಡು ಎಂಟು ವರ್ಷ. ಮನೆಯಲ್ಲಿ ಇವರಿಬ್ಬರೇ. ಅಂದಿನಿಂದ ಟೈಲರಮ್ಮ ಆ ಹುಡುಗಿಗೆ ಸೂಜಿ ಮುಟ್ಟಲು ಬಿಟ್ಟಿರಲಿಲ್ಲ. ಬೆನ್ನು ಬಗ್ಗಿಸುವುದಕ್ಕೆ ಮನೆಯಲ್ಲಿ ಒಬ್ಬಳು ಸಾಕು, ನೀನು ಓದು ಎನ್ನುತ್ತಿದ್ದಳು. ಈ ಸೀಟು ತಪ್ಪಬಾರದಿತ್ತು. ಪಟ್ಟಿ ಐದು ಗಂಟೆಗೆ ಮುಚ್ಚುತ್ತಿತ್ತು. ಆಗಲೇ ಮೂರೂವರೆ.

ಮೇಷ್ಟ್ರು ಒಂದು ಹಾಳೆ ಮುಂದೆ ತಳ್ಳಿದರು.

"ರಜೆ ಮುಗಿದ ವಾರ ಶಾಲೇಲಿ ಆರೋಗ್ಯ ತಪಾಸಣೆ ಆಗುತ್ತೆ. ಎದೆ ಸುತ್ತಳತೆ ಕಾರ್ಡಿನಲ್ಲಿ ಬರೀತಾರೆ. ಅದೇ ವಾರ ನೀವೂ ಅಳೆದಿದ್ದೀರಿ. ಎರಡನ್ನೂ ಪಕ್ಕ ಪಕ್ಕ ಇಟ್ಟು ನೋಡಿದೆ. ನಲವತ್ತು ಮಕ್ಕಳಲ್ಲಿ ಮೂವತ್ತೇಳು ಮಕ್ಕಳಿಗೆ ಹುಡುಗಿ ಬರೆದದ್ದು ಕಾರ್ಡಿಗಿಂತ ಸರಿಯಾಗಿ ಎರಡೇ ಇಂಚು ಜಾಸ್ತಿ. ಕಾರ್ಡು ನೋಡಿ, ಎರಡು ಕೂಡಿಸಿ, ಅಂಗಡೀಲಿ ಅಳೆದದ್ದು ಅಂತ ತೋರಿಸಿದ್ದಾಳೆ."

"ಹದಿನಾಲ್ಕು ವರ್ಷದಿಂದ ಅಳೀತಿದ್ದೀನಿ ನಾನು. ನಿಮ್ಮ ಕಾರ್ಡು ಬರೆದೋರ ಕೈ ನಡುಗಿರ್ಬೇಕು."

"ಮೂವತ್ತೇಳು ಸಲ ಒಂದೇ ಸಮ ನಡುಗಿತಾ?"

"ನಾಲಿಗೆ ಭಾರಿ ಉದ್ದ ಇದೆ ನಿಮಗೆ. ಬೇಕಾದ್ರೆ ಅದನ್ನೂ ಅಳೆದು ಕೊಡ್ತೀನಿ."

ಮೇಷ್ಟ್ರ ತುಟಿಯ ಒಂದು ಕೊನೆ ಮೇಲೆದ್ದು, ತಕ್ಷಣ ಇಳಿಯಿತು.

"ನಾಲಿಗೆ ಬೇಡ, ಎದೆ ಅಳೀರಿ. ಇಲ್ಲೇ, ನನ್ನ ಕಣ್ಣೆದುರು. ಟೇಪು ನಿಮ್ಮ ಕೊರಳಲ್ಲೇ ಇದೆ."

ಮೆಷಿನ್ ಬಿಟ್ಟು ಎದ್ದು ಬಂದವಳಿಗೆ ಅದನ್ನು ತೆಗೆದಿಡಲು ನೆನಪಿರಲಿಲ್ಲ. ಅವಳು ಟೇಪನ್ನು ಚಾಟಿಯಂತೆ ಎಳೆದುಕೊಂಡಳು.

"ಕೈ ಎತ್ತಿ."

ಎತ್ತಿದರು.

ಸಾವಿರ ಜನಕ್ಕೆ ಟೇಪು ಸುತ್ತಿದ ಕೈ ಅದು. ಬಟ್ಟೆಯ ಆಚೆ ಯಾರಿದ್ದಾರೆಂದು ಎಂದೂ ಕೇಳಿದ್ದಲ್ಲ. ಇವತ್ತು ಕೇಳಿತು. ಸೀಮೆಸುಣ್ಣದ ವಾಸನೆ, ಅದರ ಕೆಳಗೆ ಸೋಪಿನದು. ನೀಲಿ ಅಂಗಿಯ ಎರಡನೆಯ ಗುಂಡಿಗೆ ಕಪ್ಪು ದಾರ.

"ಈ ಗುಂಡಿ ಹಾಕಿದ್ದು ಯಾರು?"

"ನಾನೇ."

"ನೋಡಿದ್ರೇ ಗೊತ್ತಾಗುತ್ತೆ. ಮನೇಲಿ ಹಾಕ್ಕೊಡೋರು ಇಲ್ವಾ?"

"ಇಲ್ಲ."

ಆ 'ಇಲ್ಲ' ಅವಳ ನೆತ್ತಿಯ ಹತ್ತಿರದಿಂದ ಬಂತು. ಅವಳು ತಲೆ ಎತ್ತಲಿಲ್ಲ. ಎತ್ತಿದ್ದರೆ ಮುಖ ಎದುರಿಗೇ ಇರುತ್ತಿತ್ತು.

"ಉಸಿರು ಬಿಡಿ. ನಾನೇನು ಬಲೂನು ಅಳೀತಿಲ್ಲ."

ಎಡಗೈಯಲ್ಲಿ ಟೇಪು ಹಿಡಿದೇ, ಬಲಗೈಯಲ್ಲಿ ಪೆನ್ಸಿಲ್ ತೆಗೆದುಕೊಂಡು ಪುಸ್ತಕದಲ್ಲಿ ಬರೆದಳು. ಬರೆದು, ಗೆದ್ದವಳಂತೆ ಅವರ ಕಡೆಗೆ ತಿರುಗಿಸಿದಳು.

ಮೇಷ್ಟ್ರು ಪುಸ್ತಕ ನೋಡಿದರು. ಆಮೇಲೆ ಅವಳ ಎಡಗೈ ನೋಡಿದರು.

"ನಿಮ್ಮ ಹೆಬ್ಬೆರಳು ಎಲ್ಲಿದೆ ನೋಡಿ."

ಹೆಬ್ಬೆರಳು ಮೂವತ್ತೆಂಟರ ಮೇಲಿತ್ತು. ಪುಸ್ತಕದಲ್ಲಿ, ಅವಳದೇ ಬರಹದಲ್ಲಿ, ನಲವತ್ತು.

ಹೊರಗೆ ಯಾವುದೋ ತರಗತಿ ಮಗ್ಗಿ ಹೇಳುತ್ತಿತ್ತು. ಅವಳು ಟೇಪನ್ನು ಇನ್ನೊಮ್ಮೆ ನೋಡಿದಳು.

"ಸಡಿಲ," ಎಂದಳು. ದನಿ ಇಳಿದಿತ್ತು. "ಅಂಗಿಗೆ ಎರಡು ಇಂಚು ಸಡಿಲ ಬಿಡ್ಬೇಕು, ಇಲ್ಲಾಂದ್ರೆ ಕೈ ಎತ್ತೋಕಾಗಲ್ಲ. ಕೂಡಿಸಿಯೇ ಬರಿ ಅಂತ ಅಪ್ಪ ಕಲಿಸಿದ್ರು. ಕೈ ತಾನೇ ಬರ್ಕೊಂಡು ಹೋಗುತ್ತೆ. ನನಗೇ ಮರೆತುಹೋಗಿತ್ತು."

"ಹುಡುಗಿಗೆ ಗೊತ್ತಿರ್ಲಿಲ್ವಾ?"

"ಮೆಷಿನ್ ಹತ್ರ ಬಿಟ್ಟಿದ್ರೆ ತಾನೆ ಗೊತ್ತಾಗೋದು."

ಓದಲಿ ಎಂದು ದೂರ ಇಟ್ಟದ್ದೇ ಹುಡುಗಿಯ ಕೊರಳಿಗೆ ಉರುಳಾಗಿತ್ತು.

ಮೇಷ್ಟ್ರ ಮುಖದಲ್ಲಿ ಗೆಲುವಿರಲಿಲ್ಲ. ಆದರೂ ಬಿಡಲಿಲ್ಲ. "ನಕಲು ಅಲ್ಲ, ಒಪ್ಪಿದೆ. ಆದ್ರೆ ಅಂಕಿ ತಪ್ಪೇ. ತಪ್ಪು ಅಂಕಿಗೆ ಹೇಗೆ ಸೀಟು ಕೊಡ್ಲಿ?"

"ಸರ್, ಒಳಗೆ ಬರ್ಲಾ?" ಬಾಗಿಲಲ್ಲಿ ಯಾಕಮ್ಮ ನಿಂತಿದ್ದಳು.

"ಕದ್ದು ಕೇಳ್ತಿದ್ದೆಯಾ?"

"ಚಿಕ್ಕಿ ಮಾತಾಡಿದ್ರೆ ಕದ್ದು ಕೇಳೋ ಅಗತ್ಯ ಇಲ್ಲ ಸರ್. ಗೇಟಿಗೂ ಕೇಳುತ್ತೆ." ಹುಡುಗಿ ನೇರ ಮೇಜಿನ ಬಳಿ ಬಂದಳು. "ರಜೆಗೆ ಮುಂಚಿನ ಅಳತೇಲೂ ಎರಡು ಜಾಸ್ತಿ, ಆಮೇಲಿನದರಲ್ಲೂ ಎರಡು ಜಾಸ್ತಿ. ಒಂದರಲ್ಲಿ ಒಂದು ಕಳೆದರೆ ಆ ಎರಡು ಹೋಗೇ ಹೋಗುತ್ತೆ. ಎಷ್ಟು ಬೆಳೆದ್ರು ಅನ್ನೋದು ಬದಲಾಗಲ್ಲ. ನೀವು ಯಾಕೆ ಸರ್ ನನ್ನನ್ನೇ ಒಂದು ಮಾತು ಕೇಳಲಿಲ್ಲ?"

ಮೇಷ್ಟ್ರು ಹಾಳೆಯ ಮೇಲೆ ಬೆರಳಿಟ್ಟು ಮೂರು ಹೆಸರುಗಳಿಗೆ ಕಳೆದು ನೋಡಿದರು. ಕಿವಿ ಕೆಂಪಾಯಿತು.

"ಕೇಳಬೇಕಿತ್ತು," ಎಂದರು.

ಕೆಂಪು ಪೆನ್ನಿನಿಂದ 'ನಕಲು' ಎಂಬುದನ್ನು ಹೊಡೆದು, ಕೆಳಗೆ ಬರೆದರು: ಹುಡುಗಿಯನ್ನು ಕೇಳದೆ ಬರೆದೆ, ತಪ್ಪು ನನ್ನದು. ಸಹಿ ಹಾಕಿ ಹಾಳೆಯನ್ನು ಟೈಲರಮ್ಮನ ಮುಂದಿಟ್ಟರು.

"ಪುಸ್ತಕದಲ್ಲಿರೋದು ಮೈ ಅಳತೆ ಅಲ್ಲ ಅಂತ ನೀವೂ ಒಂದು ಸಾಲು ಬರೀಬೇಕು. ಅಂಕಿಗೆ ಬೇರೆ ಸಾಕ್ಷಿ ಇಲ್ಲ. ಇದು ಫೈಲಿನಲ್ಲಿ ಇರುತ್ತೆ, ಹೆಡ್ಮಿಸ್ಸು ಓದ್ತಾರೆ. ಇಷ್ಟ ಇಲ್ಲದಿದ್ರೆ..."

"ಕೊಡಿ ಇಲ್ಲಿ."

ಬರೆದಳು. ಹದಿನಾಲ್ಕು ವರ್ಷದಲ್ಲಿ ಯಾರ ಮುಂದೆಯೂ ತನ್ನ ಅಳತೆ ತಪ್ಪು ಎಂದು ಒಪ್ಪದವಳು, ಆ ಮನುಷ್ಯನ ಎದುರಿಗೇ ಒಪ್ಪಿ ಸಹಿ ಹಾಕಿದಳು. ಅಕ್ಷರ ಮಾತ್ರ ನಡುಗಲಿಲ್ಲ.

ನಾಲ್ಕೂಮುಕ್ಕಾಲಿಗೆ ಪಟ್ಟಿಯಲ್ಲಿ ಯಾಕಮ್ಮನ ಹೆಸರು ಸೇರಿತು. ಹನ್ನೆರಡನೆಯದು.

ಮುಂದಿನ ವಾರ ಒಂದು ಮಧ್ಯಾಹ್ನ ಮೇಷ್ಟ್ರು ಅಂಗಡಿಗೆ ಬಂದರು. ಕೈಯಲ್ಲಿ ಬಟ್ಟೆಯಿಲ್ಲ, ಚೀಲವಿಲ್ಲ.

"ಏನು ಹೊಲಿಸ್ಬೇಕಿತ್ತು?" ಅವಳು ಗುಂಡಿಯ ಕಾಜಾ ಹಾಕುತ್ತಾ ಕೇಳಿದಳು.

"ಏನೂ ಇಲ್ಲ."

"ಹುಡುಗಿ ಮತ್ತೆ ಏನು ಮಾಡಿದ್ಲು?"

"ದಿನಾ ನನ್ನನ್ನ ಬೋರ್ಡಿನ ಮುಂದೆ ನಿಲ್ಲಿಸಿ ಯಾಕೆ ಅಂತಾಳೆ. ಆದ್ರೆ ನಾನು ಬಂದದ್ದು ಅದಕ್ಕಲ್ಲ."

ಅವಳ ಸೂಜಿ ನಿಂತಿತು. ಮೇಷ್ಟ್ರು ಹೊಸಿಲ ಹೊರಗೇ ನಿಂತು, ಪಾಠ ಮರೆತವರಂತೆ ಒಂದು ಕ್ಷಣ ತಡವರಿಸಿದರು.

"ಎಲ್ಲರೂ ನನಗೆ 'ಸರಿ ಸರ್' ಅಂತಾರೆ. ನೀವು ಬೈದು ಹೋದ್ಮೇಲೆ ಸ್ಟಾಫ್ ರೂಮು ಬಿಕೋ ಅಂತಿದೆ. ಒಂದು ವಾರ ಸುಮ್ನೆ ಇದ್ದು ನೋಡ್ದೆ, ಕಮ್ಮಿ ಆಗ್ಲಿಲ್ಲ. ನೀವು ನನಗೆ ಇಷ್ಟ ಆಗಿದ್ದೀರಿ. ಹೇಳೋಕೆ ಬಂದದ್ದು ಇಷ್ಟೇ."

"ಹೀಗಾ ಹೇಳೋದು? ಬೀದೀಲಿ ನಿಂತು?"

"ಒಳಗೆ ಕರೀಲಿಲ್ಲ ನೀವು."

ಅವಳಿಗೆ ನಗು ಬಂತು. ಅದನ್ನು ಹಲ್ಲಿನಲ್ಲಿ ದಾರದ ಜೊತೆ ಕಚ್ಚಿ ಹಿಡಿದಳು.

"ನಿಮ್ಮ ಮೇಲಿನ ಕೋಪ ನನಗಿನ್ನೂ ಇಳಿದಿಲ್ಲ."

"ಗೊತ್ತು. ಯಾವಾಗ ಇಳಿಯುತ್ತೆ?"

"ನನಗೇನು ಗೊತ್ತು? ಆಗಾಗ ಬಂದು ವಿಚಾರಿಸ್ಕೊಳ್ಳಿ."

ತಲೆ ಎತ್ತದೆಯೇ, ಕಾಲಿನಿಂದ ಸ್ಟೂಲನ್ನು ಬಾಗಿಲ ಕಡೆಗೆ ತಳ್ಳಿದಳು.